ಫಿಲ್ಟರ್ ಹಾಕಿದ ಮೇಲೆ ನಾಲ್ಕು ಮೇಲ್ ಕಳಿಸಿ ನೋಡಿ

ಹೋದ ವರ್ಷ ಅಂಗಡಿಗಳ ಮೇಲ್ ಕಾಟ ತಡೆಯಲಾರದೆ ಜಿಮೇಲ್‌ನಲ್ಲಿ ಒಂದು ಫಿಲ್ಟರ್, ಅಂದರೆ ಬಂದ ಮೇಲ್‌ಗೆ ಏನು ಮಾಡಬೇಕು ಅನ್ನೋ ನಿಯಮ, ಹಾಕಿದೆ. ‘ಆಫರ್’ ಅನ್ನೋ ಇಂಗ್ಲಿಷ್ ಪದ ಎಲ್ಲೇ ಇರಲಿ, ಸೀದಾ ಡಿಲೀಟ್. ಇನ್‌ಬಾಕ್ಸ್ ಗುಡಿಸಿದ ಅಂಗಳದ ಹಾಗಾಯಿತು. ಮೂರು ವಾರದ ಮೇಲೆ ಅಕ್ಕನ ಮಗ ಫೋನ್ ಮಾಡಿದ. ‘ಮಾಮ, ನನ್ನ ಆಫರ್ ಲೆಟರ್ ಓದಿದ್ರಾ? ಬಾಂಡ್ ಅಂತ ಏನೋ ಬರೆದಿದ್ದಾರೆ, ಸೈನ್ ಮಾಡ್ಲಾ?’ ಪಾಪ, ಹುಡುಗನ ಮೊದಲ ಕೆಲಸ. ಅವನ ಮೇಲ್ ನನ್ನ ಬಿನ್‌ನಲ್ಲಿ ಬಿದ್ದಿತ್ತು. ಬಿನ್‌ಗೆ ಹೋದದ್ದನ್ನು ಜಿಮೇಲ್ 30 ದಿನ ಇಟ್ಟುಕೊಂಡು ಅಳಿಸಿಬಿಡುತ್ತದೆ. ಇನ್ನೊಂದು ಹತ್ತು ದಿನ ಕಳೆದಿದ್ದರೆ ಅದೂ ಸಿಗುತ್ತಿರಲಿಲ್ಲ.

ಫಿಲ್ಟರ್ ಬರೆಯಲು ಕಂಪ್ಯೂಟರ್ ಬೇಕು, ಮೊಬೈಲ್ ಆ್ಯಪ್‌ನಲ್ಲಿ ಆಗುವುದಿಲ್ಲ. ಮೇಲಿರುವ ಸರ್ಚ್ ಪಟ್ಟಿಯ ಬಲತುದಿಯ ಗುರುತು ಒತ್ತಿ. ಫ್ರಂ, ಟು, ಸಬ್ಜೆಕ್ಟ್ ಅಂತ ಖಾನೆಗಳು ತೆರೆದುಕೊಳ್ಳುತ್ತವೆ. ಬೇಕಾದದ್ದನ್ನು ತುಂಬಿ, ‘ಕ್ರಿಯೇಟ್ ಫಿಲ್ಟರ್’ ಒತ್ತುವ ಮೊದಲು ಒಮ್ಮೆ ‘ಸರ್ಚ್’ ಒತ್ತಿ. ನಿಮ್ಮ ನಿಯಮಕ್ಕೆ ಸಿಗುವ ಹಳೇ ಮೇಲ್‌ಗಳೆಲ್ಲ ಎದುರಿಗೆ ಬರುತ್ತವೆ. ನಾನು ಅವತ್ತು ಇಷ್ಟು ಮಾಡಿದ್ದರೂ ಸಾಕಿತ್ತು.

ಆಮೇಲೆ ಫಿಲ್ಟರ್ ಮಾಡಿ. ಆದರೆ ‘ಡಿಲೀಟ್’ಗೆ ಟಿಕ್ ಹಾಕಬೇಡಿ. ‘ಪರೀಕ್ಷೆ’ ಅಂತ ಒಂದು ಲೇಬಲ್ ಹಚ್ಚಲು ಹೇಳಿ, ಸದ್ಯಕ್ಕೆ ಅಷ್ಟೇ.

ಈಗ ಮೇಲ್ ಕಳಿಸುವ ಕೆಲಸ. ನಿಮ್ಮ ಐಡಿಯಿಂದ ನಿಮಗೇ ಕಳಿಸಿಕೊಳ್ಳುವುದು ಬೇಡ. ಅದು ಕಳಿಸಿದ ಮೇಲ್‌ಗಳ ‘ಸೆಂಟ್’ ಪಟ್ಟಿಯಲ್ಲೂ ಕಾಣಿಸಿ ಗೊಂದಲವಾಗುತ್ತದೆ, ಹೊರಗಿನಿಂದ ಬರುವ ಮೇಲ್‌ಗೆ ಏನಾಗುತ್ತದೆ ಎಂಬುದೂ ತಿಳಿಯುವುದಿಲ್ಲ. ಮನೆಯವರ ಐಡಿ ಬಳಸಿ. ಹೆಚ್ಚಿನವರು, ಫಿಲ್ಟರ್ ಹಿಡಿಯಬೇಕಾದ ಒಂದು ಮೇಲ್ ಕಳಿಸಿ, ಅದು ಸಿಕ್ಕಿತು ಅಂದ ಕೂಡಲೇ ಎದ್ದು ಹೋಗುತ್ತಾರೆ. ಬಿಡಬೇಕಾದದ್ದನ್ನು ಬಿಡುತ್ತಾ ಅನ್ನೋದೇ ಜಾಸ್ತಿ ಮುಖ್ಯ, ಅಲ್ವಾ? ನಿಯಮ ಸಬ್ಜೆಕ್ಟ್‌ನಲ್ಲಿ ‘ಆಫರ್’ ಇರಬೇಕು ಅಂತಿದ್ದರೆ ನಾನು ಕಳಿಸುವುದು ನಾಲ್ಕು. ಒಂದು, ‘ದೀಪಾವಳಿ ಆಫರ್’. ಎರಡು, ‘ಆಫರ್ ಲೆಟರ್’. ಮೂರು, ಸಬ್ಜೆಕ್ಟ್‌ನಲ್ಲಿ ಬರೀ ‘ಹೇಗಿದ್ದೀರಿ’, ಒಳಗೆ ಮಾತ್ರ ಆ ಪದ. ಈ ಮೂರರಲ್ಲೂ ‘ಆಫರ್’ ಇಂಗ್ಲಿಷ್ ಅಕ್ಷರದಲ್ಲೇ ಇರಲಿ. ನಾಲ್ಕನೆಯದರಲ್ಲಿ ಅದೇ ಪದ ಕನ್ನಡ ಲಿಪಿಯಲ್ಲಿ. ಸಬ್ಜೆಕ್ಟ್ ಕೊನೆಗೆ 1, 2, 3, 4 ಅಂತ ನಂಬರ್ ಹಾಕಿ. ಯಾವುದು ಎಲ್ಲಿಗೆ ಹೋಗಬೇಕು ಎಂದು ಕಳಿಸುವ ಮೊದಲೇ ಚೀಟಿಯಲ್ಲಿ ಬರೆದಿಡಿ. ನೋಡಿದ ಮೇಲೆ ಬರೆದರೆ ಮನಸ್ಸು ‘ನಾನೂ ಹಾಗೇ ಅಂದುಕೊಂಡಿದ್ದೆ’ ಅನ್ನುತ್ತದೆ.

ಎರಡನೆಯದಕ್ಕೂ ಲೇಬಲ್ ಬಿದ್ದಿರುತ್ತದೆ. ಫಿಲ್ಟರ್‌ನ ‘ಡಸಂಟ್ ಹ್ಯಾವ್’ (ಇರಬಾರದ ಪದ) ಖಾನೆಯಲ್ಲಿ ‘ಲೆಟರ್’ ಎಂಬ ಇಂಗ್ಲಿಷ್ ಪದ ಸೇರಿಸಿ, ನಾಲ್ಕನ್ನೂ ಹೊಸದಾಗಿ ಕಳಿಸಿ. ತಿದ್ದಿದ್ದಕ್ಕೆ ಸಂಬಂಧಪಟ್ಟದ್ದನ್ನು ಮಾತ್ರ ಕಳಿಸಿದರೆ, ಮೊದಲು ಸರಿಯಿದ್ದದ್ದು ಈಗ ಕೆಟ್ಟಿದೆಯಾ ಅಂತ ಗೊತ್ತಾಗುವುದಿಲ್ಲ.

ಕನ್ನಡದಲ್ಲಿ ಮೇಲ್ ಬರೆಯುವವರಿಗೆ ಇನ್ನೊಂದು ತೊಡಕಿದೆ. ಜಿಮೇಲ್ ಇಡೀ ಪದ ಹುಡುಕುತ್ತದೆ, ಪದದ ತುಂಡನ್ನಲ್ಲ. ನಮ್ಮಲ್ಲೋ ಪದಕ್ಕೆ ಬಾಲ ಅಂಟಿಕೊಳ್ಳುತ್ತದೆ: ಸಭೆ, ಸಭೆಗೆ, ಸಭೆಯಲ್ಲಿ. ‘ಸಭೆ’ ಅಂತಷ್ಟೇ ಬರೆದು ಸುಮ್ನಿದ್ದರೆ ‘ನಾಳೆಯ ಸಭೆಗೆ ಬನ್ನಿ’ ತಪ್ಪಿಸಿಕೊಳ್ಳಬಹುದು. ರೂಪಗಳನ್ನೆಲ್ಲ ಬರೆದು ನಡುವೆ ‘ಆರ್’ (OR) ಎಂಬ ಇಂಗ್ಲಿಷ್ ಪದ ಹಾಕಿ, ಕ್ಯಾಪಿಟಲ್ ಅಕ್ಷರದಲ್ಲೇ. ಒಂದೊಂದು ರೂಪಕ್ಕೂ ಒಂದೊಂದು ಮೇಲ್ ಕಳಿಸಿ ನೋಡಿ.

ಕಳಿಸಿದ ಮೇಲ್ ಎಲ್ಲೂ ಕಾಣದಿದ್ದರೆ ಸ್ಪ್ಯಾಮ್ ತೆಗೆದು ನೋಡಿ. ಖಾಲಿ ಮೇಲ್‌ನಲ್ಲಿ ‘ಟೆಸ್ಟ್’ ಅಂತ ಒಂದೇ ಪದ ಬರೆದರೆ ಅದು ಅನುಮಾನಕ್ಕೆ ಗುರಿಯಾಗಬಹುದು. ಎರಡು ಸಾಲು ಮನುಷ್ಯರ ಹಾಗೆ ಬರೆಯಿರಿ.

ಮೇಲ್‌ಗಳನ್ನು ಬೇರೆ ಐಡಿಗೆ ಫಾರ್ವರ್ಡ್ ಮಾಡುವ ಫಿಲ್ಟರ್ ಆದರೆ ಟೆಸ್ಟ್ ಮೇಲ್ ಬೇಕೇ ಬೇಕು. ಅದು ಇನ್ನು ಮುಂದೆ ಬರುವ ಮೇಲ್‌ಗಳಿಗಷ್ಟೇ ಕೆಲಸ ಮಾಡುತ್ತದೆ, ಹಳೆಯವನ್ನು ಮುಟ್ಟುವುದಿಲ್ಲ.

ಎಲ್ಲ ಚೀಟಿಯಲ್ಲಿದ್ದ ಹಾಗೇ ಬಂತಾ? ಇನ್ನೆರಡು ವಾರ ‘ಪರೀಕ್ಷೆ’ ಲೇಬಲ್ ಮೇಲೆ ಕಣ್ಣಿಡಿ. ತಪ್ಪು ಮೇಲ್ ಒಂದೂ ಸೇರದಿದ್ದರೆ ಸೆಟ್ಟಿಂಗ್ಸ್‌ನ ಫಿಲ್ಟರ್ ಪುಟಕ್ಕೆ ಹೋಗಿ ‘ಎಡಿಟ್’ ಒತ್ತಿ, ಆಗ ಡಿಲೀಟ್‌ಗೆ ಟಿಕ್ ಹಾಕಬಹುದು. ನಾನಂತೂ ಇನ್ನೂ ಹಾಕಿಲ್ಲ.