ಪ್ರತೀಕಾರದ ವಾಯುದಾಳಿ: ಸುದ್ದಿಯನ್ನು ಓದುವುದು ಹೇಗೆ?

‘ಸಶಸ್ತ್ರ ಗುಂಪಿನ ನೆಲೆಗಳ ಮೇಲೆ ಪ್ರತೀಕಾರದ ದಾಳಿ, ಹಲವು ದೇಶಗಳ ಖಂಡನೆ.’ ಇಂಥ ಶೀರ್ಷಿಕೆ ಬಂದಾಗಲೆಲ್ಲ ಹಿಂದೆ ಓದಿದ್ದನ್ನೇ ಮತ್ತೆ ಓದುತ್ತಿದ್ದೇವೆ ಅನ್ನಿಸುತ್ತದೆ. ಅದನ್ನು ಬಿಡಿಸಿ ಓದಲು ಒಂದು ದಾರಿ ಇಲ್ಲಿದೆ. ಉದಾಹರಣೆಗೆ, ಇರಾಕ್ ಮತ್ತು ಸಿರಿಯಾ ಮೇಲೆ 2024ರ ಫೆಬ್ರುವರಿ 2ರಂದು ಅಮೆರಿಕ ನಡೆಸಿದ ದಾಳಿಯನ್ನು ತೆಗೆದುಕೊಳ್ಳೋಣ.

1. ಮೊದಲು ಭೂಪಟ

ಕಿಡಿ ಹತ್ತಿದ್ದು ಜೋರ್ಡಾನ್‌ನಲ್ಲಿ. ಜನವರಿ 28ರಂದು ‘ಟವರ್ 22’ ಎಂಬ ನೆಲೆಯ ಮೇಲೆ ಡ್ರೋನ್ ಬಿದ್ದು ಅಮೆರಿಕದ ಮೂವರು ಸೈನಿಕರು ಸತ್ತರು. ಬಾಂಬುಗಳು ಬಿದ್ದದ್ದು ಮಾತ್ರ ಗಡಿಯಾಚೆ, ಇರಾಕಿನ ಅಲ್-ಕಾಯಿಮ್ ಮತ್ತು ಸಿರಿಯಾದ ದೈರ್ ಅಲ್-ಜೋರ್ ಸೀಮೆಯಲ್ಲಿ. ಪೆಟ್ಟು ಒಂದು ದೇಶದಲ್ಲಿ, ಮರುಪೆಟ್ಟು ಬೇರೆ ಎರಡು ದೇಶಗಳಲ್ಲಿ. ‘ಗಲ್ಫ್ ಹೊತ್ತಿ ಉರಿಯುತ್ತಿದೆ’ ಎಂಬ ಸಂದೇಶ ಮೊಬೈಲ್‌ಗೆ ಬಂದರೆ, ಕುವೈತ್‌ನಲ್ಲಿ ಮಗನಿರುವ ಕರಾವಳಿಯ ತಾಯಿಗೂ ಇದೇ ಭೂಪಟ ತೋರಿಸಿ. ಅಲ್-ಕಾಯಿಮ್ ಅಲ್ಲಿಂದ ನೂರಾರು ಕಿಲೋಮೀಟರ್ ದೂರ.

2. ಗುಂಪು ಯಾರದು?

ಹೆಚ್ಚು ಹೊತ್ತು ನಿಲ್ಲಬೇಕಾದ ಹಂತ ಇದು. ‘ಇರಾನ್ ಬೆಂಬಲಿತ ಗುಂಪು’ ಎಂದಷ್ಟೇ ಬರೆದರೆ ಅರ್ಧ ಕಥೆ ನುಂಗಿದಂತೆ. ಅಮೆರಿಕ ಮುಖ್ಯವಾಗಿ ಬೊಟ್ಟು ಮಾಡಿದ ಕತಾಯಿಬ್ ಹಿಜ್ಬುಲ್ಲಾ ಇರಾಕಿನದು. ಲೆಬನಾನಿನ ಹಿಜ್ಬುಲ್ಲಾ ಬೇರೆ. 2014ರಲ್ಲಿ ಐಎಸ್ ಉಗ್ರರ ವಿರುದ್ಧ ಕಟ್ಟಿದ ಹಶ್ದ್ ಅಲ್-ಶಾಬಿ ಎಂಬ ಸಶಸ್ತ್ರ ಗುಂಪುಗಳ ಒಕ್ಕೂಟದಲ್ಲಿ ಇದರ ಪಡೆಗಳೂ ಇವೆ. ಆ ಒಕ್ಕೂಟಕ್ಕೆ 2016ರಲ್ಲಿ ಇರಾಕಿ ಸಂಸತ್ತೇ ಕಾನೂನಿನ ಮಾನ್ಯತೆ ಕೊಟ್ಟಿತು; ಅದರ ಸಂಬಳ ಸರ್ಕಾರದ ಬೊಕ್ಕಸದಿಂದಲೇ. ಅಂದರೆ ಅಮೆರಿಕ ಹೊಡೆದದ್ದು ತನ್ನ ಶತ್ರುವನ್ನು. ಬಾಗ್ದಾದ್ ಲೆಕ್ಕದಲ್ಲಿ ಅದು ತನ್ನದೇ ಪಡೆ. ಅಮೆರಿಕದ ಸುಮಾರು 2,500 ಸೈನಿಕರನ್ನು ನೆಲದಲ್ಲಿ ಇರಗೊಟ್ಟ ಸರ್ಕಾರವೂ ಅದೇ! ಇರಾಕ್ ಮೂರು ದಿನ ಶೋಕ ಘೋಷಿಸಿದ್ದೇಕೆ ಎಂಬುದು ಈ ಗಂಟು ಬಿಚ್ಚದೆ ತಿಳಿಯುವುದಿಲ್ಲ.

3. ಅಂಕಿಗಳನ್ನು ಬೇರೆ ಬೇರೆ ಡಬ್ಬಿಗೆ ಹಾಕಿ

ಏಳು ಸ್ಥಳ, 85ಕ್ಕೂ ಹೆಚ್ಚು ಗುರಿ, 125ಕ್ಕೂ ಹೆಚ್ಚು ಬಾಂಬು-ಕ್ಷಿಪಣಿ: ಇವು ಅಮೆರಿಕದ ಲೆಕ್ಕ, ಎಸೆದದ್ದರ ಲೆಕ್ಕ. ಸತ್ತವರ ಲೆಕ್ಕ ಇನ್ನೊಬ್ಬರದು. ನಾಗರಿಕರೂ ಸೇರಿ 16 ಮಂದಿ ಸತ್ತರೆಂದು ಇರಾಕ್ ಸರ್ಕಾರ ಹೇಳಿತು. ಹಶ್ದ್ ತನ್ನವರೇ 16 ಮಂದಿ ಎಂದಿತು. ಸಂಖ್ಯೆ ಒಂದೇ, ಸತ್ತವರು ಯಾರೆಂಬುದು ಬೇರೆ. ಸಂಖ್ಯೆಯ ಪಕ್ಕದಲ್ಲಿ ಹೇಳಿದವರ ಹೆಸರನ್ನೂ ಬರೆದಿಟ್ಟುಕೊಳ್ಳಿ.

4. ಪ್ರತಿಕ್ರಿಯೆಗಳಲ್ಲಿ ಕ್ರಿಯಾಪದ ಹುಡುಕಿ

ಬ್ರಿಟನ್ ‘ಬೆಂಬಲಿಸಿತು’. ರಷ್ಯಾ ‘ಖಂಡಿಸಿ’ ಭದ್ರತಾ ಮಂಡಳಿಯ ಸಭೆ ಕೇಳಿತು. ಫೆಬ್ರುವರಿ 5ರಂದು ಸಭೆ ನಡೆಯಿತು. ಮಧ್ಯಪ್ರಾಚ್ಯ ಸಿಡಿಯಬಹುದಾದ ಬಾಯ್ಲರ್ ಎಂದ ಐರೋಪ್ಯ ಒಕ್ಕೂಟದ ಅಂದಿನ ವಿದೇಶಾಂಗ ಮುಖ್ಯಸ್ಥ ಜೋಸೆಪ್ ಬೊರೆಲ್ ಎಲ್ಲರಿಗೂ ಸಂಯಮ ಹೇಳಿದರು. ಸಂಯಮಕ್ಕೆ ಖರ್ಚಿಲ್ಲ, ಹಾಗಾಗಿ ಆ ಸಾಲುಗಳನ್ನು ಬೇಗ ದಾಟಬಹುದು. ಖರ್ಚಾಗುವ ಕ್ರಿಯಾಪದಗಳಿಗೆ ಕಾಯಿರಿ: ರಾಯಭಾರ ಅಧಿಕಾರಿಯನ್ನು ‘ಕರೆಸಿಕೊಂಡಿತು’ (ಇರಾಕ್ ಕರೆಸಿಕೊಂಡಿತು), ಹೇಳಿಕೆಯನ್ನು ‘ತಿದ್ದಿಕೊಂಡಿತು’. ಬಾಗ್ದಾದ್‌ಗೆ ಮೊದಲೇ ತಿಳಿಸಿದ್ದೆವು ಎಂದು ಶ್ವೇತಭವನ ಹೇಳಿತ್ತು. ಅದು ಸುಳ್ಳೆಂದು ಇರಾಕ್ ಸಿಡುಕಿತು. ಕೆಲವೇ ದಿನಗಳಲ್ಲಿ ಅಮೆರಿಕವೇ ಮಾತು ಬದಲಿಸಿತು. ಆ ತಿದ್ದುಪಡಿ ಮುಖಪುಟದಲ್ಲಿ ಸಿಗುವುದಿಲ್ಲ, ಒಳಪುಟ ತಿರುವಬೇಕು.

‘ಆತ್ಮರಕ್ಷಣೆ’ ಎಂಬ ಪದ ಕಂಡರೆ, ಅದು ದಾಳಿಗೊಳಗಾದ ದೇಶದ ಆತ್ಮರಕ್ಷಣೆಯ ಹಕ್ಕನ್ನು ಒಪ್ಪುವ, ವಿಶ್ವಸಂಸ್ಥೆಯ ಸನದಿನ 51ನೇ ವಿಧಿಯ ಕಡೆಗೆ ಚಾಚಿದ ಕೈ.

5. ದಿನಾಂಕಗಳನ್ನು ಸಾಲಾಗಿ ಬರೆಯಿರಿ

ಜನವರಿ 28 ಡ್ರೋನ್. ಫೆಬ್ರುವರಿ 2 ಬಾಂಬು. ನಡುವಿನ ಐದು ದಿನಗಳಲ್ಲಿ ಅಮೆರಿಕ ಹೊಡೆಯುವುದಾಗಿ ಹೇಳುತ್ತಲೇ ಇತ್ತು. ಓಡುವವರಿಗೆ ಅಷ್ಟು ಸಮಯ ಸಾಕು. ಫೆಬ್ರುವರಿ 7ರಂದು ಎಚ್ಚರಿಕೆ ಇರಲಿಲ್ಲ: ಬಾಗ್ದಾದ್ ರಸ್ತೆಯಲ್ಲಿ ಕಾರೊಂದರ ಮೇಲೆ ಡ್ರೋನ್ ಎರಗಿ ಕತಾಯಿಬ್‌ನ ಕಮಾಂಡರ್ ಸತ್ತ. ಇನ್ನೊಂದು ದಿನಾಂಕವನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ, ಜನವರಿ 30. ಅಮೆರಿಕದ ಪಡೆಗಳ ಮೇಲಿನ ದಾಳಿ ನಿಲ್ಲಿಸಿದ್ದೇವೆ ಎಂದು ಅದೇ ಗುಂಪು ಘೋಷಿಸಿದ್ದು ಅಂದು, ಬಾಂಬು ಬೀಳುವುದಕ್ಕೆ ಮೂರು ದಿನ ಮೊದಲು.