ಟ್ರೇಡ್ ಡೀಲ್ ಬಂದಾಗ ಅದರ ಐಪಿ ಚಾಪ್ಟರ್ ಓದೋದು ಹೇಗೆ

ಯಾವ್ದಾದ್ರೂ ದೇಶದ ಜೊತೆ ಡೀಲ್ ಸೈನ್ ಆದ ದಿನ ಟಿವಿಲಿ ಬರೀ ಕಾರು, ವಿಸ್ಕಿ ರೇಟ್ ಎಷ್ಟು ಇಳಿಯುತ್ತೆ ಅನ್ನೋದೇ ಮಾತು. ಪೇಟೆಂಟು, ಕಾಪಿರೈಟು, ಜಿಐ (ಒಂದು ಊರಿನ ಹೆಸರಲ್ಲೇ ಗುರುತಾಗೋ ಮಾಲಿನ ಹೆಸರಿಗೆ ರಕ್ಷಣೆ) ಅಂತ ಒಳಗಡೆ ಐಪಿಗೆ, ಅಂದ್ರೆ ಬೌದ್ಧಿಕ ಆಸ್ತಿಗೆ, ಒಂದು ಪೂರ್ತಿ ಚಾಪ್ಟರ್ರೇ ಇರುತ್ತೆ, ಅದನ್ನ ತೆಗೆದು ನೋಡೋರೇ ಕಮ್ಮಿ. 2025ರ ಜುಲೈ 24ಕ್ಕೆ ಸೈನ್ ಆದ ಭಾರತ-ಬ್ರಿಟನ್ ಒಪ್ಪಂದದಲ್ಲಿ ಅದು 13ನೇ ಚಾಪ್ಟರ್. ಕಾಮರ್ಸ್ ಮಿನಿಸ್ಟ್ರಿ ಸೈಟಲ್ಲೇ ಪಿಡಿಎಫ್ ಇದೆ, ಇಳಿಸ್ಕೊಳ್ಳಿ. ಆದ್ರೆ ಮೊದಲ ಪುಟದಿಂದ ಶುರು ಮಾಡ್ಬೇಡಿ, ನಾನು ಹಾಗೆ ಮಾಡಿ ನಾಲ್ಕನೇ ಪುಟಕ್ಕೇ ತೂಕಡಿಸಿದ್ದೆ.

ಮೊದಲು ಟ್ರಿಪ್ಸ್ ಒಪ್ಪಂದವನ್ನ ಪಕ್ಕದ ಟ್ಯಾಬಲ್ಲಿ ತೆಗೆದಿಟ್ಕೊಳ್ಳಿ. 1995ರ ಜನವರಿ 1ರಿಂದ ಜಾರಿಯಲ್ಲಿರೋ ಡಬ್ಲ್ಯುಟಿಒದ, ಅಂದ್ರೆ ವಿಶ್ವ ವ್ಯಾಪಾರ ಸಂಸ್ಥೆಯ, ಐಪಿ ಒಪ್ಪಂದ ಅದು, ಒಟ್ಟು 73 ಆರ್ಟಿಕಲ್. ಎಲ್ಲಾ ಮೆಂಬರ್ ದೇಶಗಳೂ ಇಷ್ಟಂತೂ ಕೊಡಲೇಬೇಕು ಅಂತ ಹೇಳೋದು ಅದು: ಪೇಟೆಂಟ್ 20 ವರ್ಷ, ಕಾಪಿರೈಟ್ ಲೇಖಕರು ತೀರಿಕೊಂಡ ಮೇಲೆ 50 ವರ್ಷ, ಹೀಗೆ. ಹೊಸ ಡೀಲಿನ ಒಂದೊಂದು ಷರತ್ತು ಓದುವಾಗ್ಲೂ ಇದು ಟ್ರಿಪ್ಸ್‌ನಲ್ಲೇ ಇದ್ಯಾ ಅಂತ ನೋಡಿ, ಇದ್ರೆ ದಾಟಿ ಮುಂದೆ ಹೋಗಿ, ಇಲ್ದಿದ್ರೆ ಹಳದಿ ಬಳಿಯಿರಿ. ಆ ಹಳದಿ ಸಾಲುಗಳನ್ನೇ ಟ್ರಿಪ್ಸ್-ಪ್ಲಸ್ ಅಂತಾರೆ.

ಆಮೇಲೆ ಹಳದಿ ಸಾಲಲ್ಲಿ ಕ್ರಿಯಾಪದ ಯಾವ್ದು ಅಂತ ಹುಡುಕಿ. 'ಶಲ್' ಅಂತ ಇದ್ರೆ ಮಾಡಲೇಬೇಕು, 'ಮೇ' ಅಂದ್ರೆ ನಿಮ್ಮಿಷ್ಟ, 'ರೆಕಗ್ನೈಸ್' ಅಂದ್ರೆ ನೋಡೋಕೆ ಹೂವಿನ ಹಾಗೆ ಆದ್ರೆ ಒಳಗೆ ಮುಳ್ಳಿರ್ಬಹುದು. ಬ್ರಿಟನ್ ಡೀಲಲ್ಲೇ ನೋಡಿ, ಜನಕ್ಕೆ ಔಷಧಿ ಸಿಗೋ ಹಾಗೆ ಮಾಡೋಕೆ ಕಂಪನಿ ತಾನಾಗೇ ಲೈಸೆನ್ಸ್ ಕೊಡೋ ದಾರಿನೇ ಉತ್ತಮ ಅಂತ ಎರಡೂ ದೇಶ ರೆಕಗ್ನೈಸ್ ಮಾಡಿವೆ. ಕಂಪಲ್ಸರಿ ಲೈಸೆನ್ಸ್ (ಪೇಟೆಂಟ್ ಇರೋ ಕಂಪನಿ ಒಪ್ಪದಿದ್ರೂ ಬೇರೆಯವರಿಗೆ ತಯಾರಿಸೋಕೆ ಅನುಮತಿ) ಕೊಡೋ ಅಧಿಕಾರ ಎಲ್ಲೂ ಹೋಗಿಲ್ಲ ಅಂತ ಸರ್ಕಾರ ಹೇಳ್ತು, ಅಕ್ಷರಶಃ ಅದು ನಿಜಾನೇ. ಆದ್ರೆ 2012ರಲ್ಲಿ ಬೇಯರ್ ಕಂಪನಿಯ ಕ್ಯಾನ್ಸರ್ ಮಾತ್ರೆ ತಯಾರಿಸೋಕೆ ನಮ್ಮ ನ್ಯಾಟ್ಕೋ ಕಂಪನಿಗೆ ಅಂಥ ಲೈಸೆನ್ಸ್ ಕೊಟ್ಟಾಗ ತಿಂಗಳಿಗೆ 2.8 ಲಕ್ಷ ಇದ್ದ ಖರ್ಚು 8,880 ರೂಪಾಯಿಗೆ ಇಳೀತು. ನಾಳೆ ಇನ್ಯಾರೋ ಅಂಥದ್ದೇ ಅರ್ಜಿ ಹಾಕಿದ್ರೆ ಎದುರು ಕಂಪನಿ ವಕೀಲರು ಫೈಲಿಂದ ಮೊದಲು ತೆಗೆಯೋದು ಈ ಸಾಲನ್ನೇ ಅಂತ ನನ್ನ ಅನಿಸಿಕೆ.

ಒಂದು ಉಪಾಯ ಹೇಳ್ತೀನಿ, ಸೈನ್ ಆದ ತಾರೀಖಿನ ಹಿಂದೆಮುಂದೆ ನಮ್ಮ ಗೆಜೆಟ್ಟನ್ನೂ ಒಮ್ಮೆ ನೋಡಿ. ಎಫ್ಟಾ, ಅಂದ್ರೆ ಸ್ವಿಟ್ಜರ್ಲೆಂಡ್, ನಾರ್ವೆ ಇರೋ ಗುಂಪಿನ ಡೀಲ್ ಸೈನ್ ಆಗಿದ್ದು 2024ರ ಮಾರ್ಚ್ 10ಕ್ಕೆ. ಮಾರ್ಚ್ 15ಕ್ಕೆ ಪೇಟೆಂಟ್ ರೂಲ್ಸ್ ತಿದ್ದುಪಡಿ ಬಂತು, ಪೇಟೆಂಟನ್ನ ಇಲ್ಲಿ ನಿಜಕ್ಕೂ ಬಳಸ್ತಿದೀವಾ ಅಂತ ಪ್ರತಿ ವರ್ಷ ಕೊಡ್ಬೇಕಿದ್ದ ಫಾರ್ಮ್ 27 ಈಗ ಮೂರು ವರ್ಷಕ್ಕೊಂದ್ಸಲ. ಕರಡು 2023ರ ಆಗಸ್ಟಲ್ಲೇ ಬಂದಿತ್ತು, ಹಾಗಾಗಿ ಡೀಲಿಂದಲೇ ಆಯ್ತು ಅಂತ ಹೇಳೋಕಾಗಲ್ಲ, ಆದ್ರೆ ನ್ಯಾಟ್ಕೋ ಕೇಸಲ್ಲಿ ಬೇಯರ್‌ಗೆ ಮುಳುವಾಗಿದ್ದು ಅದೇ ಫಾರ್ಮಲ್ಲಿದ್ದ ಲೆಕ್ಕ ಅನ್ನೋದು ನೆನಪಿರ್ಲಿ.

ಇನ್ನೊಂದು ವಿಷಯ ತುಂಬಾ ಜನ ತಪ್ಪು ತಿಳ್ಕೊಂಡಿರ್ತಾರೆ. ಸುಂಕದ ರಿಯಾಯ್ತಿ ಡೀಲ್ ಮಾಡಿದ ದೇಶಕ್ಕಷ್ಟೇ ಕೊಟ್ರೆ ಸಾಕು, ಐಪಿ ಹಾಗಲ್ಲ. ಟ್ರಿಪ್ಸ್ ಆರ್ಟಿಕಲ್ 4ರ ಪ್ರಕಾರ ಒಂದು ದೇಶದವರಿಗೆ ಕೊಟ್ಟಿದ್ದನ್ನ ಎಲ್ಲಾ ಡಬ್ಲ್ಯುಟಿಒ ಮೆಂಬರ್ ದೇಶದವರಿಗೂ ಕೊಡ್ಬೇಕು, ಇಂಥ ಹೊಸ ಡೀಲ್‌ಗಳಿಗೆ ಅಂತ ಅಲ್ಲಿ ವಿನಾಯ್ತಿನೂ ಇಲ್ಲ. ಅಂದ್ರೆ ಸ್ವಿಸ್ ಕಂಪನಿಗೆ ಕೊಟ್ಟಿದ್ದು ಅಮೆರಿಕಾ ಕಂಪನಿಗೂ ಬಿಟ್ಟಿ.

ಟೈಮ್ ಇಲ್ಲ ಅನ್ನೋರು ಪಿಡಿಎಫಲ್ಲಿ ಸರ್ಚ್ ಹಾಕಿ. 'ಟೆಸ್ಟ್ ಡೇಟಾ' (ಔಷಧಿ ಪರೀಕ್ಷೆ ಮಾಡಿ ಕಂಪನಿ ಸರ್ಕಾರಕ್ಕೆ ಕೊಡೋ ಮಾಹಿತಿ) ಪಕ್ಕದಲ್ಲಿ ವರ್ಷದ ಲೆಕ್ಕ ಇದ್ರೆ ಅದು ಡೇಟಾ ಎಕ್ಸ್‌ಕ್ಲೂಸಿವಿಟಿ, ಅಂದ್ರೆ ಅಷ್ಟು ವರ್ಷ ಬೇರೆಯವರು ಆ ಮಾಹಿತಿ ನೆಚ್ಚಿಕೊಂಡು ಅನುಮತಿ ಪಡೆಯೋ ಹಾಗಿಲ್ಲ, ಪೇಟೆಂಟ್ ಇಲ್ಲದ ಔಷಧಿಗೂ ಅಷ್ಟು ವರ್ಷ ಜನರಿಕ್ ಬರೋದು ಕಷ್ಟ. ಎಫ್ಟಾದವರು ಇದನ್ನ ಕೇಳಿದ್ರು, ಭಾರತ ಒಪ್ಪಲಿಲ್ಲ. 'ಯುಪೋವ್' (ಹೊಸ ಸಸ್ಯ ತಳಿಗಳ ರಕ್ಷಣೆಯ ಅಂತಾರಾಷ್ಟ್ರೀಯ ಒಪ್ಪಂದ) ಅಂತ ಸಿಕ್ರೆ ಬೀಜದ ವಿಷ್ಯ, ನಮ್ಮ 2001ರ ಸಸ್ಯ ತಳಿ ಮತ್ತು ರೈತರ ಹಕ್ಕುಗಳ ಕಾಯ್ದೆಯ ಸೆಕ್ಷನ್ 39 ರೈತರಿಗೆ ಬೀಜ ಇಟ್ಕೊಳ್ಳೋ, ಹಂಚೋ, ಬ್ರ್ಯಾಂಡ್ ಹಾಕದೆ ಮಾರೋ ಹಕ್ಕು ಕೊಟ್ಟಿದೆ, ಅದಕ್ಕೆ ಏಟು ಬೀಳುತ್ತಾ ನೋಡಿ.

ಕಾಪಿರೈಟಲ್ಲಿ '70' ಅಂತ ಹುಡುಕಿ. ಅಮೆರಿಕಾ ಜೊತೆಗಿನ ಡೀಲಿಂದಾಗಿ ಕೆನಡಾ 2022ರ ಕೊನೆಗೆ 50ರಿಂದ 70ಕ್ಕೆ ಹೋಯ್ತು. ನಮ್ಮಲ್ಲಿ 60. ಬೇಂದ್ರೆ ತೀರಿಕೊಂಡಿದ್ದು 1981ರಲ್ಲಿ, ಅಂದ್ರೆ 2042ರ ಜನವರಿ 1ರಿಂದ ಅವರ ಪದ್ಯಗಳನ್ನ ಯಾರು ಬೇಕಾದ್ರೂ ಅಚ್ಚು ಹಾಕ್ಬಹುದು. 70 ಆದ್ರೆ 2052ರವರೆಗೆ ಕಾಯ್ಬೇಕು.

ಕೊನೆಗೆ ಜಿಐ. ಟ್ರಿಪ್ಸ್‌ನಲ್ಲಿ ವೈನು, ಮದ್ಯಕ್ಕೆ ಆರ್ಟಿಕಲ್ 23ರ ಗಟ್ಟಿ ರಕ್ಷಣೆ, ಉಳಿದಿದ್ದಕ್ಕೆಲ್ಲ 22ರದ್ದು. ಸ್ಕಾಚ್ ಹೆಸರಿನ ಮುಂದೆ 'ಸ್ಟೈಲ್' ಅಂತ ಸೇರಿಸಿದ್ರೂ ತಪ್ಪು, ಬ್ಯಾಡಗಿ ಮೆಣಸಿನಕಾಯಿ ವಿಷಯಕ್ಕೆ ಬಂದ್ರೆ ಗ್ರಾಹಕರು ಮೋಸ ಹೋಗ್ತಾರೆ ಅಂತ ತೋರಿಸ್ಬೇಕು. ಅದಕ್ಕೇ ಡೀಲಿನ ಹಿಂದೆ ಜಿಐ ಹೆಸರುಗಳ ಪಟ್ಟಿ ಏನಾದ್ರೂ ಅಂಟಿಸಿದಾರಾ ನೋಡಿ. ಪಟ್ಟಿ ಇಲ್ಲ, ಅಥವಾ ಇದ್ರೂ ನಿಮ್ಮ ಮಾಲಿನ ಹೆಸರಿಲ್ಲ ಅಂದ್ರೆ ಚೆನ್ನೈನಲ್ಲಿ ಮಾಡ್ಸಿದ ಜಿಐ ರಿಜಿಸ್ಟ್ರೇಷನ್ ಅಲ್ಲಿ ನಡೆಯಲ್ಲ, ಆ ದೇಶದಲ್ಲಿ ಬೇರೆಯಾಗೇ ಅರ್ಜಿ ಹಾಕ್ಬೇಕು.