ಹಳೇ ಫೋನು ಮಾರಿ ಹೊಸದಕ್ಕೆ ಹೋಗುವ ಮೊದಲು ನಾನು ಮಾಡಿದ್ದೇನು

ಸೆಕೆಂಡ್ ಹ್ಯಾಂಡ್ ಫೋನು ಕೊಳ್ಳಲು ಬಂದವರ ತಲೆಯಲ್ಲಿ ಪ್ರಶ್ನೆಗಳು ಓಡುತ್ತಿರುತ್ತವೆ. ಇದು ಕದ್ದ ಮಾಲಾ? ನೀರಿಗೆ ಬಿದ್ದಿತ್ತಾ? ಡಿಸ್‌ಪ್ಲೇ ಬದಲಾಯಿಸಿದ್ದಾರಾ? ಮನೆಗೆ ಒಯ್ದ ಮೇಲೆ ಲಾಕ್ ಆಗಿ ಕೂತರೆ ಯಾರನ್ನು ಕೇಳೋದು? ಒಂದೊಂದು ಅನುಮಾನಕ್ಕೂ ಅವರು ಮನಸ್ಸಿನಲ್ಲೇ ಐನೂರೋ ಸಾವಿರವೋ ಕಳೆಯುತ್ತಾ ಹೋಗುತ್ತಾರೆ. ಅಂಗಡಿಯವರೂ ಅದನ್ನೇ ಮಾಡುತ್ತಾರೆ, ಇನ್ನೂ ಸ್ವಲ್ಪ ಜಾಸ್ತಿ ಕಳೆಯುತ್ತಾರೆ. ಹಾಗಾಗಿ ನನ್ನ ಫೋನು ಮಾರುವಾಗ ಒಂದೇ ಕೆಲಸಕ್ಕೆ ಹೆಚ್ಚು ಸಮಯ ಕೊಟ್ಟೆ. ಅವರು ಕೇಳುವ ಮೊದಲೇ ಈ ಪ್ರಶ್ನೆಗಳಿಗೆ ಉತ್ತರ ರೆಡಿ ಇಡುವುದು.

ನನ್ನದು ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್21 ಎಫ್‌ಇ, 128 ಜಿಬಿ. 2022ರ ಜನವರಿಯಲ್ಲಿ ಇಲ್ಲಿ ಬಿಡುಗಡೆಯಾದಾಗ ಅದರ ಬೆಲೆ 54,999 ರೂಪಾಯಿ. ನಾನು ಅದೇ ವರ್ಷದ ಹಬ್ಬದ ಸೇಲಿನಲ್ಲಿ ತುಂಬಾ ಕಡಿಮೆಗೆ ಕೊಂಡಿದ್ದೆ. ಫೋನು ಚೆನ್ನಾಗಿಯೇ ಇತ್ತು. ಆದರೆ ಆಂಡ್ರಾಯ್ಡ್ 12ರ ಜೊತೆ ಬಂದ ಈ ಫೋನಿಗೆ ಕಂಪನಿ ಹೇಳಿದ್ದು ನಾಲ್ಕು ದೊಡ್ಡ ಅಪ್‌ಡೇಟ್ ಮಾತ್ರ. ಅಂದರೆ 16ಕ್ಕೆ ಕೊನೆ. ಬ್ಯಾಂಕು, ಯುಪಿಐ ಎಲ್ಲಾ ಫೋನಿನಲ್ಲೇ ನಡೆಸುವ ನನಗೆ ಇದು ಮುಖ್ಯ. ಎಸ್24ಕ್ಕೆ ಏಳು ವರ್ಷ ಅಪ್‌ಡೇಟ್ ಕೊಡುವುದಾಗಿ ಹೇಳಿದ್ದರು, ಅದನ್ನೇ ಕೊಳ್ಳೋಣ ಅಂತ ತೀರ್ಮಾನಿಸಿದೆ.

ಯಾವಾಗ ಮಾರಬೇಕು ಅನ್ನುವುದು ಎಷ್ಟಕ್ಕೆ ಮಾರಬೇಕು ಅನ್ನುವುದರಷ್ಟೇ ದೊಡ್ಡ ವಿಷಯ. ದಸರಾ ಹೊತ್ತಿಗೆ ಅಮೆಜಾನ್, ಫ್ಲಿಪ್‌ಕಾರ್ಟ್ ಸೇಲ್ ಶುರುವಾಗುತ್ತವೆ. ಹೊಸ ಫೋನುಗಳ ಬೆಲೆ ಇಳಿಯುತ್ತದೆ. ಹದಿನೈದು ಸಾವಿರಕ್ಕೆ ಹೊಸ ಫೋನು, ಅದೂ ಒಂದು ವರ್ಷದ ವಾರಂಟಿ ಜೊತೆ ಸಿಗುವಾಗ ನನ್ನ ಮೂರು ವರ್ಷದ ಫೋನಿಗೆ ಯಾರು ಹನ್ನೆರಡು ಕೊಡುತ್ತಾರೆ? ಜೊತೆಗೆ ಆಗ ಎಲ್ಲರೂ ಹಳೇದನ್ನು ಮಾರಲು ಬರುತ್ತಾರೆ. ಸೆಪ್ಟೆಂಬರಿನಲ್ಲಿ ಆಪಲ್ ಹೊಸ ಐಫೋನ್ ಬಿಡುತ್ತದೆ, ಹಳೇ ಐಫೋನುಗಳ ಬೆಲೆಯೂ ಆಗಲೇ ಕುಸಿಯುತ್ತದೆ. ಹಾಗಾಗಿ 2025ರಲ್ಲಿ ಗೌರಿ ಹಬ್ಬಕ್ಕೂ ಮುಂಚೆಯೇ ಮಾರಿ, ಸೇಲ್ ಬರುವವರೆಗೆ ಅಪ್ಪನ ಬಳಿ ಸುಮ್ನೆ ಬಿದ್ದಿದ್ದ ಒಂದು ಫೋನಿನಲ್ಲಿ ಕಾಲ ಹಾಕಿದೆ. ಮನೆಯಲ್ಲಿ ಅಂಥದ್ದೊಂದು ಇದ್ದರೆ ಈ ದಾರಿ ಒಳ್ಳೆಯದು. ಮಾರುವಾಗ ನಮಗೆ ಅವಸರ ಇರಬಾರದು. ಅವಸರ ಇದ್ದರೆ ಎದುರಿನವರಿಗೆ ಗೊತ್ತಾಗಿಬಿಡುತ್ತದೆ.

ಮೊದಲು ರೇಟು ವಿಚಾರಿಸಿದೆ. ಆನ್‌ಲೈನ್ ಎಕ್ಸ್‌ಚೇಂಜಿನಲ್ಲಿ ಎಂಟು ಸಾವಿರದ ಹತ್ತಿರ ತೋರಿಸಿತು. ಕೆಲವು ಮಾಡೆಲ್ ಕೊಂಡರೆ ಎಕ್ಸ್‌ಚೇಂಜ್ ಬೋನಸ್ ಅಂತ ಇನ್ನಷ್ಟು ಸೇರಿಸುತ್ತಾರೆ, ಅದು ಎಲ್ಲ ಮಾಡೆಲಿಗೂ ಇರಲ್ಲ. ನೀವು ಕೊಳ್ಳಬೇಕೆಂದಿರುವ ಫೋನಿಗೆ ಬೋನಸ್ ದೊಡ್ಡದಿದ್ದರೆ ಎಕ್ಸ್‌ಚೇಂಜೇ ಲಾಭ. ಹಳೇ ಫೋನು ಕೊಳ್ಳುವ ಸೈಟುಗಳಲ್ಲಿ ಮೊದಲು ಕಾಣುವುದು 'ಇಷ್ಟರವರೆಗೆ' ಅನ್ನುವ ದೊಡ್ಡ ಸಂಖ್ಯೆ. ಸ್ಕ್ರ್ಯಾಚ್ ಇದೆಯಾ, ಬಾಕ್ಸ್ ಇದೆಯಾ ಎಂಬ ಪ್ರಶ್ನೆಗಳಿಗೆ ಉತ್ತರಿಸುತ್ತಾ ಹೋದಂತೆ ಅದು ಇಳಿಯುತ್ತದೆ. ಮನೆಗೆ ಬಂದು ಫೋನು ನೋಡುವವರು ಹೇಳುವುದೇ ಕೊನೆಯ ರೇಟು. ನಮ್ಮ ಶಿವಮೊಗ್ಗದ ಒಂದು ಅಂಗಡಿಯಲ್ಲಿ ಎಂಟೂವರೆ ಅಂದರು. ಅದರಲ್ಲಿ ಮೋಸವೇನಿಲ್ಲ. ಅವರು ಅದನ್ನು ಇಟ್ಟುಕೊಂಡು ಕೂರಬೇಕು, ಮಾರಿದ ಮೇಲೆ ಏನಾದರೂ ಆದರೆ ಗಿರಾಕಿಗೆ ಉತ್ತರ ಕೊಡಬೇಕು. ಆ ಅಪಾಯಕ್ಕೂ ಒಂದು ಬೆಲೆ ಇದೆ, ಅಲ್ವಾ? ಆದರೆ ನೇರವಾಗಿ ಬಳಸುವವರಿಗೇ ಮಾರಿದರೆ ಅದೇ ಮಾಡೆಲಿಗೆ ಹನ್ನೆರಡು, ಹದಿಮೂರು ಸಾವಿರ ನಡೆಯುತ್ತಿತ್ತು. ನಾಲ್ಕು ಸಾವಿರ ಬಿಡುವ ಹಣವಲ್ಲ. ನಾನೇ ಮಾರಲು ನಿರ್ಧರಿಸಿದೆ.

ಒಂದು ಮಾತು. ಕೊಂಡ ಬೆಲೆಯನ್ನು ಮರೆತುಬಿಡಿ. ಕೊಳ್ಳುವವರು ನಮ್ಮ ಬಿಲ್ಲಿನ ಮೊತ್ತ ನೋಡಿ ರೇಟು ಕಟ್ಟುವುದಿಲ್ಲ. ಅದೇ ದುಡ್ಡಿಗೆ ಇವತ್ತು ಯಾವ ಹೊಸ ಫೋನು ಬರುತ್ತದೆ ಅಂತ ನೋಡುತ್ತಾರೆ.

ಆಮೇಲೆ ಫೋನಿನ ಕಾಗದಪತ್ರ ಹುಡುಕಿದೆ. ಬಿಲ್ಲು ಇಮೇಲಿನಲ್ಲಿತ್ತು, ಬಾಕ್ಸು ಅಟ್ಟದ ಮೇಲೆ. ಬಾಕ್ಸಿನ ಮೇಲಿರುವ ಐಎಂಇಐ ನಂಬರು, ಬಿಲ್ಲಿನಲ್ಲಿರುವುದು, *#06# ಒತ್ತಿದಾಗ ಪರದೆ ಮೇಲೆ ಬರುವುದು, ಮೂರೂ ಒಂದೇ ಇರಬೇಕು. ಆ 15 ಅಂಕಿಗಳೇ ಫೋನಿನ ಗುರುತು. ದೂರಸಂಪರ್ಕ ಇಲಾಖೆಯ 'ಸಂಚಾರ ಸಾಥಿ' ಜಾಲತಾಣದಲ್ಲಿ ಈ ನಂಬರು ಹಾಕಿ ಫೋನು ಕಪ್ಪುಪಟ್ಟಿಯಲ್ಲಿ ಇದೆಯಾ ಅಂತ ನೋಡಬಹುದು. 'ಕೆವೈಎಂ' (KYM) ಎಂಬ ಮೂರು ಇಂಗ್ಲಿಷ್ ಅಕ್ಷರ ಹಾಕಿ, ಜಾಗ ಬಿಟ್ಟು, ಐಎಂಇಐ ಬರೆದು 14422ಕ್ಕೆ ಎಸ್‌ಎಂಎಸ್ ಕಳಿಸಿದರೂ ಉತ್ತರ ಬರುತ್ತದೆ. ನಾನು ಆ ಉತ್ತರವನ್ನು ಹಾಗೇ ಇಟ್ಟುಕೊಂಡೆ. ಕದ್ದ ಫೋನಾ ಅನ್ನುವ ಅನುಮಾನಕ್ಕೆ ಇದಕ್ಕಿಂತ ನೇರ ಉತ್ತರ ಇಲ್ಲ. ಆದರೆ ಜಾಹೀರಾತಿನ ಫೋಟೋದಲ್ಲಿ ಐಎಂಇಐ ಕಾಣಿಸಬಾರದು. ಅದನ್ನು ಬೇರೆ ಫೋನಿಗೆ ಹಾಕಿ ದುರುಪಯೋಗ ಮಾಡುವವರಿದ್ದಾರೆ. ಎದುರಿಗೆ ಬಂದವರಿಗೆ ಮಾತ್ರ ತೋರಿಸಬೇಕು.

ಫೋನು ಸರಿ ಇದೆಯಾ ಅಂತ ನಾನೇ ಮೊದಲು ನೋಡಿಕೊಂಡೆ. ಸ್ಯಾಮ್‌ಸಂಗಿನಲ್ಲಿ *#0*# ಒತ್ತಿದರೆ ಟೆಸ್ಟ್ ಪರದೆ ಬರುತ್ತದೆ. ಕೆಂಪು, ಹಸಿರು, ನೀಲಿ ಬಣ್ಣ ತುಂಬಿಸಿ ನೋಡಿದರೆ ಡಿಸ್‌ಪ್ಲೇಯಲ್ಲಿ ಗೆರೆ, ಕಲೆ, ಕೀಬೋರ್ಡಿನ ಅಚ್ಚು ಉಳಿದಿದೆಯಾ ಗೊತ್ತಾಗುತ್ತದೆ. ಸ್ಪೀಕರು, ವೈಬ್ರೇಶನ್, ಟಚ್ ಕೂಡ ಅಲ್ಲೇ ನೋಡಬಹುದು. ಸ್ಯಾಮ್‌ಸಂಗ್ ಮೆಂಬರ್ಸ್ ಆ್ಯಪಿನಲ್ಲಿ ಬ್ಯಾಟರಿ ಸ್ಥಿತಿಯೂ ಸಿಗುತ್ತದೆ. ಸಿಮ್ ಟ್ರೇ ತೆಗೆದು ಟಾರ್ಚ್ ಹಾಕಿದರೆ ಒಳಗೆ ನೀರಿನ ಗುರುತಿನ ಸ್ಟಿಕ್ಕರ್ ಕಾಣುತ್ತದೆ. ಅದು ಕೆಂಪಾಗಿದ್ದರೆ ಒಳಗೆ ನೀರು ಹೋಗಿದೆ ಅಂತ ಅರ್ಥ. ನನ್ನದು ಬೆಳ್ಳಗೇ ಇತ್ತು, ಅದರದ್ದೂ ಒಂದು ಫೋಟೋ ತೆಗೆದೆ.

ಮಾರುವ ಮುಂಚೆ ಬ್ಯಾಟರಿ ಬದಲಾಯಿಸಿಬಿಡು ಅಂತ ಆಫೀಸಿನಲ್ಲಿ ಒಬ್ಬರು ಹೇಳಿದರು. ನಾನು ಬೇಡ ಅಂದೆ. ಅದಕ್ಕೆ ಹಾಕಿದ ದುಡ್ಡು ರೇಟಿನಲ್ಲಿ ವಾಪಸ್ ಬರುವುದಿಲ್ಲ. ಮೇಲಾಗಿ ಹಿಂಬದಿ ಬಿಚ್ಚಿದ ಫೋನಿಗೆ ಮೊದಲಿನಷ್ಟು ನೀರಿನ ರಕ್ಷಣೆ ಇರುತ್ತದೆ ಅನ್ನುವ ಭರವಸೆ ಇಲ್ಲ. 'ಒಂದು ಸಲವೂ ಬಿಚ್ಚಿಲ್ಲ' ಎನ್ನುವ ಮಾತಿಗೆ ಹೊಸ ಬ್ಯಾಟರಿಗಿಂತ ಹೆಚ್ಚು ಬೆಲೆ ಇದೆ. ಸ್ಪೀಕರಿನ ಜಾಲರಿ, ಚಾರ್ಜಿಂಗ್ ತೂತಿನ ದೂಳನ್ನು ಒಣ ಮೆತ್ತನೆ ಬ್ರಶ್ಶಿನಿಂದ ತೆಗೆದೆ, ಹಳದಿಯಾಗಿದ್ದ ಕವರ್ ಎಸೆದೆ. ಅಷ್ಟೇ.

ಐಫೋನ್ ಇರುವವರಿಗೆ ಲೆಕ್ಕ ಸ್ವಲ್ಪ ಬೇರೆ. ನನ್ನ ತಮ್ಮನದು ಐಫೋನ್ 13. ಅಲ್ಲಿ ಸೆಟ್ಟಿಂಗ್ಸಿನಲ್ಲೇ ಬ್ಯಾಟರಿ ಹೆಲ್ತ್ ಶೇಕಡಾವಾರು ಕಾಣುತ್ತದೆ, ಕೊಳ್ಳುವವರು ಮೊದಲು ಕೇಳುವುದೇ ಅದನ್ನ. 80ಕ್ಕಿಂತ ಕೆಳಗಿದ್ದರೆ ಚೌಕಾಸಿ ಜೋರಾಗುತ್ತದೆ. ಬ್ಯಾಟರಿ, ಡಿಸ್‌ಪ್ಲೇ ಬದಲಾಯಿಸಿದ್ದರೆ ಅದೂ 'ಅಬೌಟ್' ಪುಟದಲ್ಲಿ ಕಾಣುತ್ತದೆ, ಮುಚ್ಚಿಡಲು ಆಗುವುದಿಲ್ಲ. ಕಳೆದ ಫೋನು ಹುಡುಕಲು ಇರುವ 'ಫೈಂಡ್ ಮೈ' ಆಫ್ ಮಾಡದೆ ಕೊಟ್ಟರೆ ಕೊಂಡವರು ಆ ಫೋನನ್ನು ಶುರು ಮಾಡಲೂ ಸಾಧ್ಯವಿಲ್ಲ.

ಜಾಹೀರಾತು ಚಿಕ್ಕದಾಗಿ ಬರೆದೆ. ಮಾಡೆಲ್, ಮೆಮೊರಿ, ಕೊಂಡ ತಿಂಗಳು, ಬಿಲ್ಲು ಬಾಕ್ಸು ಇದೆ, ಬಿಚ್ಚಿಲ್ಲ, ಎಡಮೂಲೆಯಲ್ಲಿ ಒಂದು ಸಣ್ಣ ಪೆಟ್ಟಿನ ಗುರುತಿದೆ. ಆ ಗುರುತಿನ ಫೋಟೋ ಹತ್ತಿರದಿಂದ ತೆಗೆದು ಮೊದಲ ಸಾಲಿನಲ್ಲೇ ಹಾಕಿದೆ. ಇದ್ದ ಒಂದು ಕುಂದನ್ನು ನಾವೇ ತೋರಿಸಿದರೆ ಉಳಿದದ್ದನ್ನು ಜನ ನಂಬುತ್ತಾರೆ. ಹದಿಮೂರೂವರೆ ಅಂತ ಹಾಕಿದೆ, ಹನ್ನೆರಡರ ಕೆಳಗೆ ಇಳಿಯಬಾರದು ಅಂತ ಮನಸ್ಸಿನಲ್ಲಿತ್ತು.

ಜಾಹೀರಾತು ಹಾಕಿದ ತಕ್ಷಣ ಬರುವ ಕರೆಗಳ ಬಗ್ಗೆ ಎಚ್ಚರ ಬೇಕು. ಒಬ್ಬ ತಾನು ಸೈನ್ಯದಲ್ಲಿದ್ದೇನೆ ಅಂದ, ಐಡಿ ಕಾರ್ಡಿನ ಫೋಟೋ ಕಳಿಸಿದ. ರೇಟಿನ ಬಗ್ಗೆ ಒಂದು ಮಾತೂ ಇಲ್ಲ, ಫೋನು ನೋಡುವ ಆಸೆಯೂ ಇಲ್ಲ. "ಕ್ಯೂಆರ್ ಕಳಿಸಿದ್ದೀನಿ ಮೇಡಂ, ಸ್ಕ್ಯಾನ್ ಮಾಡಿ ಪಿನ್ ಹಾಕಿ, ದುಡ್ಡು ನಿಮ್ಮ ಖಾತೆಗೆ ಬರುತ್ತೆ" ಎಂದ. ದುಡ್ಡು ಬರಲು ಯುಪಿಐ ಪಿನ್ ಬೇಕಾಗುವುದೇ ಇಲ್ಲ. ಪಿನ್ ಹಾಕಿದರೆ ದುಡ್ಡು ನಮ್ಮ ಖಾತೆಯಿಂದ ಹೋಗುತ್ತದೆ. ನಮ್ಮ ಅತ್ತೆಗೂ ಇದನ್ನು ಅಡುಗೆಮನೆಯಲ್ಲಿ ಕೂರಿಸಿ ಹೇಳಿದ್ದೇನೆ. ಯಾರಿಗಾದರೂ ದುಡ್ಡು ಹೋಗಿಬಿಟ್ಟರೆ ಒಂದು ಕ್ಷಣವೂ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಬೇಗ ಹೇಳಿದಷ್ಟೂ ಹಣ ತಡೆಯುವ ಸಾಧ್ಯತೆ ಜಾಸ್ತಿ.

ಇನ್ನು ಫೋನು ಖಾಲಿ ಮಾಡುವ ಕೆಲಸ. ನಾನು ಹೆಚ್ಚು ತಲೆಕೆಡಿಸಿಕೊಂಡದ್ದು ಇದಕ್ಕೇ. ಮೂರು ವರ್ಷದ ಫೋಟೋ, ಮಾತು, ಬ್ಯಾಂಕು ಎಲ್ಲಾ ಅದರಲ್ಲೇ ಇರುತ್ತದೆ. ರಿಸೆಟ್ ಒತ್ತಿದರೆ ಮುಗಿಯಿತು ಅಂದುಕೊಳ್ಳಬಾರದು, ಅದಕ್ಕೊಂದು ಕ್ರಮ ಇದೆ.

ಮೊದಲು ಸಿಮ್ ತೆಗೆದು ಅಪ್ಪನ ಫೋನಿಗೆ ಹಾಕಿದೆ. ಯುಪಿಐ ಆ್ಯಪುಗಳು ಸಿಮ್ಮಿನಿಂದಲೇ ಎಸ್‌ಎಂಎಸ್ ಕಳಿಸಿ ನಂಬರನ್ನು ಖಾತ್ರಿ ಮಾಡಿಕೊಳ್ಳುತ್ತವೆ, ಹಾಗಾಗಿ ಸಿಮ್ ಇರುವ ಕಡೆಯೇ ಮತ್ತೆ ನೋಂದಣಿ ಆಗಬೇಕು. ಫೋನು ಬದಲಾಯಿಸಿದ ಮೊದಲ 24 ಗಂಟೆ ಕಳಿಸುವ ಹಣಕ್ಕೆ ಸಣ್ಣ ಮಿತಿ ಬೀಳಬಹುದು. ಫೀಸು, ಬಾಡಿಗೆ ಕಟ್ಟುವ ದಿನ ಈ ಕೆಲಸಕ್ಕೆ ಕೈ ಹಾಕಬೇಡಿ. ಇ-ಸಿಮ್ ಇದ್ದರೆ ಅದನ್ನು ಬೇರೆ ಫೋನಿಗೆ ಸಾಗಿಸಿದ ಮೇಲೇ ಹಳೇದರಲ್ಲಿ ಅಳಿಸಬೇಕು.

ವಾಟ್ಸಾಪಿನಲ್ಲಿ ಸೆಟ್ಟಿಂಗ್ಸ್, ಚಾಟ್ಸ್, ಟ್ರಾನ್ಸ್‌ಫರ್ ಚಾಟ್ಸ್ ಅಂತ ಇದೆ. ಎರಡು ಫೋನು ಪಕ್ಕಪಕ್ಕ ಇಟ್ಟು ಕ್ಯೂಆರ್ ಸ್ಕ್ಯಾನ್ ಮಾಡಿದರೆ ಎಲ್ಲಾ ಚಾಟ್ ಸಾಗುತ್ತದೆ. ಗೂಗಲ್ ಬ್ಯಾಕಪ್ಪೂ ಆಗುತ್ತದೆ, ಆದರೆ ಅದು ಗೂಗಲ್ ಉಚಿತವಾಗಿ ಕೊಡುವ 15 ಜಿಬಿಯಲ್ಲೇ ಸೇರುತ್ತದೆ. ಬಹಳ ಜನ ಮರೆತುಬಿಡುವುದು ಲಾಗಿನ್ ಆಗುವಾಗ ಬೇಕಾಗುವ ಕೋಡು ಕೊಡುವ ಅಥೆಂಟಿಕೇಟರ್ ಆ್ಯಪನ್ನು. ಅದರ ಕೋಡುಗಳನ್ನು ಬೇರೆ ಫೋನಿಗೆ ಸಾಗಿಸದೆ ರಿಸೆಟ್ ಮಾಡಿದರೆ ನಮ್ಮ ಖಾತೆಗೆ ನಾವೇ ಹೋಗಲಾಗದೆ ಇರಬಹುದು. ಸ್ಯಾಮ್‌ಸಂಗಿನಲ್ಲಿ ಬೇರೆ ಲಾಕ್ ಹಾಕಿ ಇಡುವ ಸೆಕ್ಯೂರ್ ಫೋಲ್ಡರಿನಲ್ಲಿದ್ದ ಫೈಲುಗಳನ್ನೂ ಹೊರಗೆ ತೆಗೆದೆ, ರಿಸೆಟ್ ಆದರೆ ಅವು ಹೋದಂತೆಯೇ. ಎಲ್ಲಾ ಸಾಗಿಸಿದ ಮೇಲೂ ಒಂದಿಷ್ಟು ದಿನ ಹಳೇ ಫೋನನ್ನು ಅಳಿಸದೆ ಇಟ್ಟೆ. ಏನು ಬಿಟ್ಟಿದೆ ಅಂತ ಬಳಸುವಾಗಲೇ ತಿಳಿಯೋದು.

ನಂತರ ಗೂಗಲ್ ಖಾತೆ, ಸ್ಯಾಮ್‌ಸಂಗ್ ಖಾತೆ ಎರಡನ್ನೂ ಫೋನಿನಿಂದ ತೆಗೆದೆ. ಪರದೆಯ ಲಾಕ್ ತೆಗೆದೆ. ಆಮೇಲೆ ಫ್ಯಾಕ್ಟರಿ ರಿಸೆಟ್. ಖಾತೆ ಉಳಿಸಿಕೊಂಡೇ ಬಲವಂತವಾಗಿ ಅಳಿಸಿದರೆ ಫೋನು ಮತ್ತೆ ಶುರುವಾದಾಗ ಹಳೇ ಖಾತೆಯ ಪಾಸ್‌ವರ್ಡ್ ಕೇಳುತ್ತದೆ. ಕಳ್ಳರಿಗೆ ಉಪಯೋಗಕ್ಕೆ ಬರಬಾರದು ಅಂತ ಆಂಡ್ರಾಯ್ಡ್ 5.1ರಿಂದ ಈ ವ್ಯವಸ್ಥೆ ಇದೆ. ಅಳಿಸಿದ ಫೋಟೋ ಮತ್ತೆ ತೆಗೆಯುತ್ತಾರಂತೆ ಎಂಬ ಭಯ ತುಂಬಾ ಹೆಣ್ಣುಮಕ್ಕಳಿಗಿದೆ, ನನ್ನ ಗೆಳತಿಯರು ಇದೇ ಕಾರಣಕ್ಕೆ ಹಳೇ ಫೋನು ಮಾರುವುದೇ ಇಲ್ಲ. ಈಗಿನ ಫೋನುಗಳಲ್ಲಿ ಎಲ್ಲಾ ಮಾಹಿತಿ ಗೂಢಲಿಪಿಯಲ್ಲಿರುತ್ತದೆ. ರಿಸೆಟ್ ಮಾಡಿದಾಗ ಅದನ್ನು ಬಿಡಿಸುವ ಕೀಲಿಯೇ ಅಳಿದುಹೋಗುತ್ತದೆ. ಉಳಿದ ಚೂರುಪಾರು ಸಿಕ್ಕರೂ ಅದರಿಂದ ಫೋಟೋ ಕಟ್ಟಲು ಆಗುವುದಿಲ್ಲ. ಎಷ್ಟೋ ಹಳೇ, ಅಗ್ಗದ ಫೋನುಗಳ ವಿಷಯದಲ್ಲಿ ಈ ಮಾತು ಹೇಳಲಾರೆ. ಅಂಥದ್ದಿದ್ದರೆ ಸೆಟ್ಟಿಂಗ್ಸಿನಲ್ಲಿ ಎನ್‌ಕ್ರಿಪ್ಶನ್, ಅಂದರೆ ಈ ಗೂಢಲಿಪಿ, ಇದೆಯಾ ನೋಡಿ.

ರಿಸೆಟ್ ಆದ ಮೇಲೆ ಯಾವ ಖಾತೆಯನ್ನೂ ಹಾಕದೆ ವೈಫೈಯಲ್ಲಿ ಫೋನು ಶುರು ಮಾಡಿ ಇಟ್ಟೆ. ಕೊಳ್ಳುವವರು ಕ್ಯಾಮೆರಾ, ಕರೆ ಎಲ್ಲಾ ಪರೀಕ್ಷಿಸಬೇಕಲ್ಲ. ಲಾಕ್ ಇಲ್ಲ ಎನ್ನುವುದೂ ಕಣ್ಣೆದುರೇ ಕಾಣುತ್ತದೆ.

ಭದ್ರಾವತಿಯಿಂದ ಒಬ್ಬ ಡಿಗ್ರಿ ಹುಡುಗ ಬಂದ, ಜೊತೆಗೆ ಅವನ ತಾಯಿ. ಮನೆಗೆ ಕರೆಯಲಿಲ್ಲ. ಮಧ್ಯಾಹ್ನ ನಮ್ಮ ಬ್ಯಾಂಕಿನ ಶಾಖೆಯ ಹತ್ತಿರ ಬರಲು ಹೇಳಿದ್ದೆ, ನನ್ನ ಜೊತೆ ಯಜಮಾನರಿದ್ದರು. ಹುಡುಗ ತನ್ನ ಸಿಮ್ ಹಾಕಿ ಕರೆ ಮಾಡಿದ, ವಿಡಿಯೋ ತೆಗೆದ, ಚಾರ್ಜರ್ ಚುಚ್ಚಿ ನೋಡಿದ.

"ಅಕ್ಕ, ಯಾಕೆ ಮಾರ್ತಿದ್ದೀರಾ? ಏನಾದರೂ ತೊಂದರೆ ಇದೆಯಾ?" ತಾಯಿ ಕೇಳಿದ್ದು ಇದೊಂದೇ.

ಅಪ್‌ಡೇಟ್ ವಿಷಯ ಇದ್ದದ್ದು ಇದ್ದ ಹಾಗೆ ಹೇಳಿದೆ. ಆಂಡ್ರಾಯ್ಡ್ 16 ಇದಕ್ಕೆ ಕೊನೆಯದು, ಬ್ಯಾಟರಿ ಸಂಜೆಯ ಹೊತ್ತಿಗೆ ಒಮ್ಮೆ ಚಾರ್ಜ್ ಕೇಳುತ್ತದೆ ಅಂದೆ. 14422ರ ಉತ್ತರ ತೋರಿಸಿದೆ. ಹುಡುಗ ಹನ್ನೊಂದು ಅಂದ, ನಾನು ಹದಿಮೂರು ಅಂದೆ, ಹನ್ನೆರಡೂವರೆಗೆ ಮಾತು ಮುಗಿಯಿತು. ಕೊಳ್ಳಲೇಬೇಕೆಂದು ಬಂದವರ ಜೊತೆ ಚೌಕಾಸಿ ಉದ್ದ ಆಗುವುದಿಲ್ಲ.

ದುಡ್ಡು ಯುಪಿಐಯಲ್ಲಿ ಬಂತು. ಅವರ ಫೋನಿನ ಪರದೆ ನೋಡಿ ನಂಬಬಾರದು, ಸುಳ್ಳು ಸ್ಕ್ರೀನ್ ತೋರಿಸುವ ಆ್ಯಪುಗಳಿವೆ. ನನ್ನ ಬ್ಯಾಂಕಿನ ಆ್ಯಪ್ ತೆರೆದು ಖಾತೆಗೆ ಬಂದದ್ದನ್ನು ನೋಡಿದೆ. ನಂತರ ಒಂದು ಹಾಳೆಯಲ್ಲಿ ಮಾಡೆಲ್, ಐಎಂಇಐ, ಮೊತ್ತ, ತಾರೀಖು, ಗಂಟೆ, ಇಬ್ಬರ ಹೆಸರು ಬರೆದು ಸಹಿ ಹಾಕಿ ಇಬ್ಬರೂ ಒಂದೊಂದು ಪ್ರತಿ ಇಟ್ಟುಕೊಂಡೆವು. ಹುಡುಗ ಆಧಾರ್ ಪ್ರತಿ ಕೊಟ್ಟ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ್ದು. ನಾಳೆ ಆ ಫೋನಿನಿಂದ ಯಾರೋ ಏನೋ ಮಾಡಿ ಪೊಲೀಸರು ಐಎಂಇಐ ಹಿಡಿದು ಹುಡುಕಿದರೆ ಬಿಲ್ಲಿನಲ್ಲಿರುವುದು ನನ್ನ ಹೆಸರು. ಆ ತಾರೀಖಿನ ನಂತರ ಅದು ನನ್ನ ಬಳಿ ಇರಲಿಲ್ಲ ಎಂಬುದಕ್ಕೆ ಈ ಹಾಳೆಯೇ ಆಧಾರ. ಬಿಲ್ಲಿನ ಪ್ರತಿಯನ್ನೂ ಕೊಟ್ಟೆ, ಮನೆ ವಿಳಾಸ ಮುಚ್ಚಿ. ಮನೆಗೆ ಬಂದು ಗೂಗಲ್ ಖಾತೆಯ ಸಾಧನಗಳ ಪಟ್ಟಿಯಲ್ಲಿ ಹಳೇ ಫೋನು ಇನ್ನೂ ಇದೆಯಾ ಅಂತ ನೋಡಿದೆ, ವಾಟ್ಸಾಪ್ ವೆಬ್ ಲಿಂಕುಗಳನ್ನೂ ಒಮ್ಮೆ ತೆಗೆದು ಹೊಸದಾಗಿ ಹಾಕಿದೆ.

ಕಪಾಟಿನಲ್ಲಿ ಇನ್ನೊಂದು ತೀರಾ ಹಳೇ ಫೋನಿತ್ತು, ಬ್ಯಾಟರಿ ಉಬ್ಬಿ ಹಿಂಬದಿ ಬಾಯಿ ಬಿಟ್ಟಿತ್ತು. ಅದನ್ನೂ ಐನೂರಕ್ಕೆ ಕೊಡಿ ಅಂತ ಒಬ್ಬರು ಕೇಳಿದರು. ಕೊಡಲಿಲ್ಲ. ಉಬ್ಬಿದ ಲಿಥಿಯಂ ಬ್ಯಾಟರಿಗೆ ಚುಚ್ಚಿದರೆ, ಒತ್ತಿದರೆ ಬೆಂಕಿ ಹತ್ತಬಹುದು. ಕಸದ ಗಾಡಿಗೆ ಹಾಕಿದರೆ ಅದನ್ನು ಕೈಯಲ್ಲಿ ಬೇರ್ಪಡಿಸುವ ಪೌರಕಾರ್ಮಿಕರಿಗೆ ಅಪಾಯ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮದ ಪ್ರಕಾರ ಹಳೇ ಸಾಧನಗಳ ಮರುಬಳಕೆಯ ಹೊಣೆ ತಯಾರಕರ ಮೇಲೂ ಇದೆ. ಚಾರ್ಜಿಗೆ ಹಾಕದೆ, ಬಟ್ಟೆ ಸುತ್ತದೆ, ಒಂದು ಸ್ಟೀಲ್ ಡಬ್ಬಿಯಲ್ಲಿಟ್ಟುಕೊಂಡು ಹೋಗಿ ಸರ್ವೀಸ್ ಸೆಂಟರಿನ ಇ-ತ್ಯಾಜ್ಯದ ಕೌಂಟರಿಗೆ ಕೊಟ್ಟು ಬಂದೆ.